ಅಂಗಳದ ಹುಲ್ಲು, ಕೈಯಳತೆಯ ಯಂತ್ರ

ಹಿತ್ತಲು, ಅಂಗಳ, ಕೈತೋಟ ಎಂಬ ಮೂರು ಮಾತುಗಳು ನಮ್ಮ ಹಿರಿಯರ ಮನೆಗಳಿಗೆ ಸಾಕಾಗಿದ್ದವು. ಹಿತ್ತಲಲ್ಲಿ ಬಾಳೆ, ಕರಿಬೇವು. ಅಂಗಳದಲ್ಲಿ ಬಿಲ್ವದ ಗಿಡ, ಪೂಜೆಗೆ ಕಣಗಿಲೆ. ಕೈತೋಟದಲ್ಲಿ ಬದನೆ, ಅವರೆ. ಮಳೆಗಾಲದಲ್ಲಿ ತಾನಾಗಿ ಎದ್ದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಆಕಳ ಮುಂದೆ ಹಾಕಿದರೆ ಅಂಗಳವೂ ಹಸನಾಗುತ್ತಿತ್ತು, ಆಕಳ ಹೊಟ್ಟೆಯೂ ತುಂಬುತ್ತಿತ್ತು. ಈಗ ಕೊಟ್ಟಿಗೆಯಿದ್ದಲ್ಲಿ ಕಾರು ನಿಂತಿದೆ. ಹುಲ್ಲು ಮಾತ್ರ ಉಳಿದುಕೊಂಡು, ‘ಲಾನ್’ ಎಂಬ ನಾಲ್ಕನೆಯ ಮಾತಾಗಿ ನಮ್ಮ ಮನೆಗಳನ್ನು ಹೊಕ್ಕಿದೆ.

ಧಾರವಾಡ, ದಾವಣಗೆರೆ, ಮೈಸೂರು, ಬೆಂಗಳೂರುಗಳ ಬಡಾವಣೆಗಳಲ್ಲಿ ಸಮಾಜ ಬಾಂಧವರು ಅನೇಕರು ಮನೆಯ ಮುಂದೆ ಒಂದಿಷ್ಟು ಹುಲ್ಲುಹಾಸನ್ನು ಬೆಳೆಸಿದ್ದಾರೆ. ಮಕ್ಕಳು ಉದ್ಯೋಗಕ್ಕೆಂದು ದೂರ ಹೋಗಿ, ನಿವೃತ್ತರಾದ ದಂಪತಿಗಳು ಇಬ್ಬರೇ ಉಳಿದ ಮನೆಗಳೇ ಅವುಗಳಲ್ಲಿ ಹೆಚ್ಚು. ಆಷಾಢದ ಮಳೆ ಹಿಡಿದೊಡನೆ ಹುಲ್ಲು ಮೊಣಕಾಲಿಗೆ ಬರುತ್ತದೆ, ಹಾವು ಚೇಳುಗಳ ಭಯ ಹುಟ್ಟುತ್ತದೆ, ಆಳುಗಳು ಸಿಗುವುದಿಲ್ಲ, ಬಗ್ಗಿ ಕೊಯ್ಯಲು ಸೊಂಟ ಒಪ್ಪುವುದಿಲ್ಲ. ಇಂಥ ಮನೆಗಳಿಂದಲೇ ‘ಬ್ಯಾಟರಿಯಿಂದ ನಡೆಯುವ, ತಂತಿಯಿಲ್ಲದ, ಹಗುರವಾದ ಯಂತ್ರಗಳು ಬಂದಿವೆಯಂತೆ, ಕೊಳ್ಳಬಹುದೆ? ಕೊಳ್ಳುವುದಾದರೆ ಎಂಥದನ್ನು?’ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಗೃಹಸ್ಥರಿಗೆ ಉಪಯೋಗವಾಗಲೆಂದು ಆ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿರೂಪಿಸುತ್ತೇವೆ.

ಹುಲ್ಲು ಕೊಯ್ದ ಶರಣರು

ಹುಲ್ಲು ಕೊಯ್ಯುವುದು ಕೀಳು ಕೆಲಸವೆಂದು ಭಾವಿಸುವವರು ನುಲಿಯ ಚಂದಯ್ಯನವರನ್ನು ನೆನೆಯಬೇಕು. ಹುಲ್ಲು ಕೊಯ್ದು ತಂದು, ಅದರಿಂದ ನುಲಿ ಹೊಸೆದು ಮಾರಿ, ಬಂದುದರಿಂದ ಜಂಗಮ ದಾಸೋಹ ನಡೆಸಿದವರು ಅವರು. ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗವು ಜಾರಿ ಬಿದ್ದರೂ ಅವರು ಕಾಯಕವನ್ನು ಬಿಡದೆ ಮುಂದೆ ನಡೆದರೆಂದೂ, ಲಿಂಗದೇವನೇ ಅವರ ಬೆನ್ನು ಹತ್ತಿ ಬಂದನೆಂದೂ ಶರಣ ಚರಿತ್ರೆಯು ಹೇಳುತ್ತದೆ. ಈ ಕಥೆಯ ತತ್ತ್ವಾರ್ಥವನ್ನು ವಿದ್ವಾಂಸರು ಬೇರೆ ಬೇರೆಯಾಗಿ ವಿವರಿಸಬಹುದು. ಸಾಮಾನ್ಯ ಗೃಹಸ್ಥನಿಗೆ ಇದರಿಂದ ತಿಳಿಯಬೇಕಾದುದು ಇಷ್ಟು: ಕೈಯಾರೆ ಮಾಡುವ ಕೆಲಸದಲ್ಲಿ ಅವಮಾನವಿಲ್ಲ, ಅದು ಹುಲ್ಲಿನ ಕೆಲಸವಾದರೂ ಸರಿಯೇ.

ಯಂತ್ರದ ಪ್ರಶ್ನೆಯನ್ನು ನಾವು ಈ ಹಿನ್ನೆಲೆಯಲ್ಲಿಯೇ ನೋಡಬೇಕೆನಿಸುತ್ತದೆ. ಮಾಡುವವನ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವ ಯಂತ್ರ ಒಂದು ಬಗೆ. ಮಾಡಲಾರದವನ ಕೈಗೆ ಕೆಲಸವನ್ನು ಮರಳಿ ಕೊಡುವ ಯಂತ್ರ ಇನ್ನೊಂದು ಬಗೆ. ಎಪ್ಪತ್ತರ ವಯಸ್ಸಿನ ಹಿರಿಯರೊಬ್ಬರು, ಅಥವಾ ಮನೆಯೊಡತಿಯೊಬ್ಬರು, ಯಾರನ್ನೂ ಕಾಯದೆ ತಮ್ಮ ಅಂಗಳವನ್ನು ತಾವೇ ಹಸನುಗೊಳಿಸಿಕೊಳ್ಳುವಂತಾದರೆ ಆ ಯಂತ್ರವು ಎರಡನೆಯ ಬಗೆಗೆ ಸೇರಿತು. ಹಗುರವಾದ ಯಂತ್ರಕ್ಕಿರುವ ಬೆಲೆ ಇದೇ.

ನೇಕಾರಿಕೆಯಿಂದ ಬಂದ ವಿದ್ಯೆ

ಹುಲ್ಲು ಕತ್ತರಿಸುವ ಯಂತ್ರವು ಹುಟ್ಟಿದ್ದು ಬಟ್ಟೆಯ ಗಿರಣಿಯ ಸನಿಹದಲ್ಲಿ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಸ್ಟ್ರೌಡ್ ಪಟ್ಟಣದ ಬಳಿ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದ ಜುಂಗನ್ನು ಸಮನಾಗಿ ಕತ್ತರಿಸಲು ಅಲಗುಗಳುಳ್ಳ ಉರುಳೆಯೊಂದನ್ನು ಅಲ್ಲಿ ಬಳಸುತ್ತಿದ್ದರು. ಎಡ್ವಿನ್ ಬಡಿಂಗ್ ಎಂಬ ಕುಶಲಕರ್ಮಿಯು ಅದನ್ನು ಕಂಡು, ಬಟ್ಟೆಯ ಜುಂಗನ್ನು ಕತ್ತರಿಸುವ ಉಪಾಯವು ನೆಲದ ಹುಲ್ಲಿಗೂ ಸಲ್ಲುತ್ತದೆಂದು ಯೋಚಿಸಿ, 1830ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದನು. ಜೇಡರ ದಾಸಿಮಯ್ಯನವರನ್ನು ಆದ್ಯರಲ್ಲಿ ಒಬ್ಬರೆಂದು ಗೌರವಿಸುವ ನಮಗೆ, ನೇಕಾರಿಕೆಯ ಮಗ್ಗುಲಿನಿಂದ ತೋಟಗಾರಿಕೆಗೆ ಇಂಥದೊಂದು ಉಪಕಾರವಾಯಿತೆಂಬುದು ಸಂತೋಷದ ಸಂಗತಿ.

ಬಡಿಂಗನ ಯಂತ್ರದ್ದು ಕತ್ತರಿಯ ನ್ಯಾಯ. ಉರುಳೆಯ ಅಲಗು ಕೆಳಗಿನ ಸ್ಥಿರ ಅಲಗಿಗೆ ತಾಗಿ ಹುಲ್ಲನ್ನು ನಡುವೆ ಹಿಡಿದು ಕತ್ತರಿಸುತ್ತದೆ. ಕೈಯಿಂದ ತಳ್ಳುವ ಉರುಳೆಯ ಯಂತ್ರಗಳು ಇಂದಿಗೂ ಹೀಗೆಯೇ ನಡೆಯುತ್ತವೆ. ಈಚಿನ ಬ್ಯಾಟರಿ ಯಂತ್ರಗಳಲ್ಲಿ ಬಹುಪಾಲಿನವು ಕುಡುಗೋಲಿನ ನ್ಯಾಯವನ್ನು ಅನುಸರಿಸುತ್ತವೆ. ಅಡ್ಡಲಾಗಿ ಇರುವ ಒಂದೇ ಅಲಗು ನಿಮಿಷಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಸುತ್ತು ತಿರುಗಿ, ವೇಗದ ಬಲದಿಂದಲೇ ಹುಲ್ಲನ್ನು ಕಡಿಯುತ್ತದೆ. ಕತ್ತರಿಯ ಬಗೆಯದು ನುಣುಪಾಗಿ ಕತ್ತರಿಸುತ್ತದೆ, ಆದರೆ ಸಮತಟ್ಟಾದ ನೆಲವನ್ನೂ ಗಿಡ್ಡ ಹುಲ್ಲನ್ನೂ ಬೇಡುತ್ತದೆ. ಕುಡುಗೋಲಿನ ಬಗೆಯದು ಒರಟು ನೆಲವನ್ನೂ ಎತ್ತರದ ಹುಲ್ಲನ್ನೂ ತಾಳಿಕೊಳ್ಳುತ್ತದೆ.

ಮೊದಲು ಅಂಗಳವನ್ನು ಅಳೆಯಿರಿ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹೇಳಿದ ಪ್ರಸಂಗವನ್ನು ಅರಿಯದ ಶರಣ ಕುಟುಂಬವಿಲ್ಲ. ಅಂಗಡಿಗೆ ಹೋಗುವ ಗೃಹಸ್ಥನ ಪಕ್ಕದಲ್ಲಿ ಲಕ್ಕಮ್ಮನವರಂಥ ಒಬ್ಬರು ಇರಬೇಕು. ಏಕೆಂದರೆ ಅಂಗಡಿಯವನು ತೋರಿಸುವುದು ದೊಡ್ಡ ಯಂತ್ರವನ್ನೇ.

ಆದುದರಿಂದ ಮೊದಲು ಟೇಪು ಹಿಡಿದು ಹುಲ್ಲುಹಾಸನ್ನು ಅಳೆಯಬೇಕು. ನಲವತ್ತು ಅರವತ್ತು ಅಡಿಯ ನಿವೇಶನವೆಂದರೆ 2,400 ಚದರ ಅಡಿ. ಅದರಲ್ಲಿ ಮನೆ, ಕಾರಿನ ಜಾಗ, ಕಾಲುದಾರಿಗಳನ್ನು ಕಳೆದರೆ ಹುಲ್ಲಿಗೆ ಉಳಿಯುವುದು ಮುನ್ನೂರು ನಾನೂರು ಚದರ ಅಡಿ ಮಾತ್ರ. ಇಷ್ಟಕ್ಕೆ ಬ್ಯಾಟರಿಯ ಯಂತ್ರವೇ ಬೇಕೆಂದಿಲ್ಲ. ಕೈಯಿಂದ ತಳ್ಳುವ ಉರುಳೆಯ ಯಂತ್ರವು ಅರ್ಧ ಬೆವರಿನಲ್ಲಿ ಕೆಲಸ ಮುಗಿಸುತ್ತದೆ. ಅದಕ್ಕೆ ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ. ಆದರೆ ತಳ್ಳುವುದಕ್ಕೆ ತೋಳಿನ ಬಲ ಬೇಕು. ವಾರ ತಪ್ಪಿಸಿ ಹುಲ್ಲು ಬೆಳೆದರೆ ಉರುಳೆಯು ಮುಂದೆ ಹೋಗದು. ಈ ಎರಡನ್ನೂ ಕಂಡು ಆ ಮನೆಯವರೇ ನಿರ್ಧರಿಸಬೇಕು.

ಅರ್ಧ ಗುಂಟೆಯಿಂದ ಎರಡು ಗುಂಟೆಯವರೆಗಿನ ಹುಲ್ಲುಹಾಸಿಗೆ ಹಗುರವಾದ ಬ್ಯಾಟರಿ ಯಂತ್ರವು ತಕ್ಕುದು. ಒಂದು ಗುಂಟೆಯೆಂದರೆ 1,089 ಚದರ ಅಡಿ, ಅಂದರೆ ಸುಮಾರು ನೂರು ಚದರ ಮೀಟರು. ಅದಕ್ಕಿಂತ ವಿಸ್ತಾರವಾದ ಮಠದ ಆವರಣ, ಶಾಲೆಯ ಮೈದಾನ, ಕಲ್ಯಾಣ ಮಂಟಪದ ಅಂಗಳಗಳಿಗೆ ಈ ಚಿಕ್ಕ ಯಂತ್ರ ಸಾಲದು. ಇನ್ನು ಅಡಿಕೆ ತೋಟಗಳಲ್ಲಿ ಹೆಗಲಿಗೆ ತೂಗುಹಾಕಿಕೊಂಡು ಕಳೆ ಕೊಚ್ಚುವ ಯಂತ್ರವು ಬೇರೆಯೇ ಜಾತಿಯದು. ಅದರಿಂದ ಮನೆಯ ಹುಲ್ಲುಹಾಸು ಮಟ್ಟಸವಾಗುವುದಿಲ್ಲ.

ತಂತಿಯುಳ್ಳ ವಿದ್ಯುತ್ ಯಂತ್ರವು ಅಗ್ಗವೇನೋ ನಿಜ. ಆದರೆ ತಂತಿಯು ಅಲಗಿಗೆ ಸಿಕ್ಕುವ ಅಪಾಯ ಎಂದಿಗೂ ತಪ್ಪಿದ್ದಲ್ಲ. ಹಸಿ ನೆಲದ ಮೇಲೆ 230 ವೋಲ್ಟಿನ ತಂತಿಯನ್ನು ಎಳೆದಾಡುವುದು ವೃದ್ಧರಿಗೆ ತರವಲ್ಲ. ಪೆಟ್ರೋಲಿನ ಯಂತ್ರಕ್ಕೆ ಬಲ ಹೆಚ್ಚು. ಜೊತೆಗೆ ಭಾರ, ಹೊಗೆ, ಸದ್ದು, ಹಗ್ಗ ಎಳೆದು ಚಾಲೂ ಮಾಡುವ ಕಷ್ಟ ಇವೂ ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2021ರಲ್ಲಿ ಕಾನೂನು ಮಾಡಿ, 2024ರಿಂದ ಹೊಸದಾಗಿ ತಯಾರಾಗುವ ಇಂಥ ಚಿಕ್ಕ ಯಂತ್ರಗಳು ಹೊಗೆ ಉಗುಳದಂಥವೇ ಆಗಿರಬೇಕೆಂದು ವಿಧಿಸಿದೆ. ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳವರಿಗೆ ಇದು ತಿಳಿದ ಸಂಗತಿಯೇ.

ಹಗುರವೆಂದರೆ ಎಷ್ಟು?

ಪೆಟ್ರೋಲಿನ ಯಂತ್ರಗಳು ಸಾಮಾನ್ಯವಾಗಿ 25ರಿಂದ 35 ಕಿಲೋ ತೂಗುತ್ತವೆ. ಹಗುರವಾದ ಬ್ಯಾಟರಿ ಯಂತ್ರಗಳು 10ರಿಂದ 15 ಕಿಲೋ. ತೂಕ ಕಡಿಮೆಯಾಗಲು ಕಾರಣ, ಇವುಗಳ ಮೈಯನ್ನು ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡಿ, ಕತ್ತರಿಸುವ ಅಗಲವನ್ನು 32ರಿಂದ 37 ಸೆಂಟಿಮೀಟರಿಗೆ ಇಳಿಸಿರುತ್ತಾರೆ. ಪ್ಲಾಸ್ಟಿಕ್ ಮೈಯಿಗೆ ತುಕ್ಕು ಹಿಡಿಯದು. ಮಲೆನಾಡು, ಕರಾವಳಿಯ ಮನೆಗಳಿಗೆ ಇದೊಂದು ಅನುಕೂಲ. ಅಗಲ ಕಡಿಮೆಯಾದರೆ ನಾಲ್ಕು ಸುತ್ತು ಹೆಚ್ಚು ನಡೆಯಬೇಕಾದೀತು. ಆದರೆ ಗಿಡದ ಪಾತಿಯ ನಡುವೆ, ತುಳಸಿ ಕಟ್ಟೆಯ ಸುತ್ತ, ತೆಂಗಿನ ಬುಡದ ಬಳಿ ಚಿಕ್ಕ ಯಂತ್ರವೇ ಸಲೀಸಾಗಿ ತಿರುಗುತ್ತದೆ.

ಕಾಗದದ ಮೇಲಿನ ತೂಕವನ್ನು ನಂಬಿ ಕೊಳ್ಳಬಾರದು. ಕೆಲವು ತಯಾರಕರು ಬ್ಯಾಟರಿಯನ್ನು ಬಿಟ್ಟು ತೂಕ ಬರೆಯುತ್ತಾರೆ. ಅಂಗಡಿಯಲ್ಲಿ ಬ್ಯಾಟರಿಯನ್ನು ಹಾಕಿಸಿ, ಮನೆಯಲ್ಲಿ ಯಾರು ಅದನ್ನು ತಳ್ಳುವರೋ ಅವರ ಕೈಯಿಂದಲೇ ಮೂರು ಪರೀಕ್ಷೆಗಳನ್ನು ಮಾಡಿಸಬೇಕು. ಹಿಡಿಯನ್ನು ಹಿಡಿದಾಗ ಅದು ಹೊಕ್ಕುಳಿನ ಮಟ್ಟಕ್ಕೆ ಬರುವುದೆ, ಬೆನ್ನು ನೆಟ್ಟಗಿರುವುದೆ ಎಂಬುದು ಮೊದಲನೆಯದು. ಮನೆಯ ಮೆಟ್ಟಿಲಿನಷ್ಟು ಎತ್ತರಕ್ಕೆ ಯಂತ್ರವನ್ನು ಉಸಿರು ಕಟ್ಟದೆ ಎತ್ತಿ ಇಡಲಾಗುವುದೆ ಎಂಬುದು ಎರಡನೆಯದು. ಹಿಡಿಯನ್ನು ಮಡಚಿ, ಹುಲ್ಲಿನ ಪೆಟ್ಟಿಗೆಯನ್ನು ಕಳಚಿ ಮರಳಿ ಸೇರಿಸಲು ಬೆರಳುಗಳಿಗೆ ಸಾಧ್ಯವಾಗುವುದೆ ಎಂಬುದು ಮೂರನೆಯದು. ಮಗನ ತೋಳಿಗೆ ಹಗುರವಾದ ಯಂತ್ರ ತಾಯಿಯ ತೋಳಿಗೆ ಭಾರವಾಗಬಹುದು. ಯಂತ್ರವನ್ನು ಕೊಡಿಸುವವನು ಒಬ್ಬ, ತಳ್ಳುವವರು ಇನ್ನೊಬ್ಬರು ಎಂಬ ಮನೆಗಳಲ್ಲಿ ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಕತ್ತರಿಸುವ ಎತ್ತರವನ್ನು ಒಂದೇ ಸನ್ನೆಯಿಂದ ಏರಿಸಿ ಇಳಿಸುವ ಯಂತ್ರವಾದರೆ ಉತ್ತಮ. ನಾಲ್ಕು ಚಕ್ರಗಳನ್ನೂ ಪ್ರತ್ಯೇಕವಾಗಿ ಬಿಚ್ಚಿ ಹೊಂದಿಸುವ ಯಂತ್ರವನ್ನು ಕೊಂಡವರು ಬಹುಮಟ್ಟಿಗೆ ಎತ್ತರವನ್ನು ಬದಲಿಸುವುದೇ ಇಲ್ಲ. ಅದರಿಂದ ಬೇಸಗೆಯಲ್ಲಿ ಹುಲ್ಲು ಸುಟ್ಟುಹೋಗುತ್ತದೆ.

ಬ್ಯಾಟರಿಯ ಲೆಕ್ಕ

ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಜಾಹೀರಾತಿನಲ್ಲಿ ಕಾಣುವ ಕಡಿಮೆ ಬೆಲೆಯು ಅನೇಕ ವೇಳೆ ಬ್ಯಾಟರಿ, ಚಾರ್ಜರುಗಳಿಲ್ಲದ ಬರಿ ಯಂತ್ರದ ಬೆಲೆಯಾಗಿರುತ್ತದೆ. ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಬ್ಯಾಟರಿಯ ಮೇಲೆ ಎರಡು ಅಂಕೆಗಳಿರುತ್ತವೆ: ವೋಲ್ಟ್ ಮತ್ತು ಆಂಪಿಯರ್-ಅವರ್. ಇವೆರಡನ್ನು ಗುಣಿಸಿದರೆ ಅದರಲ್ಲಿ ಎಷ್ಟು ಶಕ್ತಿ ತುಂಬಿದೆಯೆಂಬುದು ವ್ಯಾಟ್-ಅವರ್ ಲೆಕ್ಕದಲ್ಲಿ ದೊರೆಯುತ್ತದೆ. 36 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 144 ವ್ಯಾಟ್-ಅವರ್. ಒಬ್ಬ ತಯಾರಕ 36 ವೋಲ್ಟ್ ಎಂದು ಬರೆದು ಇನ್ನೊಬ್ಬ 40 ವೋಲ್ಟ್ ಎಂದು ಬರೆದರೆ ಎರಡನೆಯದು ಮೇಲೆಂದು ಭ್ರಮಿಸಬಾರದು. ಲಿಥಿಯಮ್ ಬ್ಯಾಟರಿಯ ಒಂದೊಂದು ಕೋಶದ ಸರಾಸರಿ ಒತ್ತಡ 3.6 ವೋಲ್ಟ್, ಪೂರ್ತಿ ತುಂಬಿದಾಗ ಅದು ನಾಲ್ಕು ವೋಲ್ಟಿಗೂ ಮೇಲೇರುತ್ತದೆ. ಹತ್ತು ಕೋಶಗಳ ಒಂದೇ ಬ್ಯಾಟರಿಗೆ ಒಬ್ಬನು ಸರಾಸರಿಯನ್ನೂ ಇನ್ನೊಬ್ಬನು ತುಂಬಿದ ಲೆಕ್ಕವನ್ನೂ ಬರೆದಿರುತ್ತಾನೆ, ಅಷ್ಟೆ.

ಈ ಶಕ್ತಿಯಲ್ಲಿ ಎಷ್ಟು ಹುಲ್ಲು ಕತ್ತರಿಸಬಹುದು? ಚಿಕ್ಕ ಯಂತ್ರದ ಮೋಟಾರು ಸರಾಸರಿ 400 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ 144 ವ್ಯಾಟ್-ಅವರ್ ಸುಮಾರು ಇಪ್ಪತ್ತು ನಿಮಿಷ ಬಂದೀತು. 32 ಸೆಂಟಿಮೀಟರ್ ಅಗಲದ ಯಂತ್ರವನ್ನು ಹಿಡಿದು ಮೆಲ್ಲಗೆ ನಿಮಿಷಕ್ಕೆ 40 ಮೀಟರು ನಡೆದರೆ 12 ಚದರ ಮೀಟರಿಗೂ ಮಿಕ್ಕಿ ಕತ್ತರಿಸಿದಂತಾಯಿತು. ತಿರುವು, ಮರುಸುತ್ತು, ಪೆಟ್ಟಿಗೆ ಬರಿದು ಮಾಡುವುದು ಇವಕ್ಕೆಂದು ಅರ್ಧ ಕಳೆದರೆ ಉಳಿಯುವುದು 6 ಚದರ ಮೀಟರು. ಅಂದರೆ ಒಂದು ಗುಂಟೆಗೆ ಹದಿನಾರು ಹದಿನೇಳು ನಿಮಿಷ. ಮಳೆಗಾಲದ ದಟ್ಟ ಹುಲ್ಲಿನಲ್ಲಿ ಮೋಟಾರು ಹೆಚ್ಚು ಶಕ್ತಿಯನ್ನು ಎಳೆಯುವುದರಿಂದ ಒಂದು ಬ್ಯಾಟರಿಯಲ್ಲಿ ಒಂದು ಗುಂಟೆ ಮುಗಿಸುವುದೇ ಕಷ್ಟವಾಗಬಹುದು. ಹೀಗೆ ಲೆಕ್ಕ ಹಾಕಿ ಒಂದು ಬ್ಯಾಟರಿ ಸಾಕೆ, ಎರಡು ಬೇಕೆ ಎಂಬುದನ್ನು ಕಂಡುಕೊಳ್ಳಬೇಕು. ವಿದ್ಯುತ್ ವೆಚ್ಚದ ಚಿಂತೆ ಬೇಡ: ಚಾರ್ಜ್ ಮಾಡುವಾಗಿನ ನಷ್ಟವನ್ನು ಸೇರಿಸಿದರೂ ಒಂದು ಯೂನಿಟ್ಟಿಗೆ ಇಂಥ ಬ್ಯಾಟರಿಯನ್ನು ಐದಾರು ಸಲ ತುಂಬಬಹುದು.

ಬದಲಿ ಬ್ಯಾಟರಿ ಮತ್ತು ಅಲಗು ನಮ್ಮ ಊರಿನಲ್ಲಾಗಲಿ ಹತ್ತಿರದ ಪಟ್ಟಣದಲ್ಲಾಗಲಿ ದೊರೆಯುತ್ತವೆಯೆ, ರಿಪೇರಿ ಮಾಡುವವರಿದ್ದಾರೆಯೆ ಎಂಬ ಪ್ರಶ್ನೆಯು ಯಂತ್ರದ ಅಂದಚೆಂದಕ್ಕಿಂತ ಮುಖ್ಯವಾದುದು. ಅದೇ ಬ್ಯಾಟರಿಯಿಂದ ಔಷಧಿ ಸಿಂಪಡಿಸುವ ಪಂಪು, ರಂಧ್ರ ಕೊರೆಯುವ ಯಂತ್ರ ಮೊದಲಾದವೂ ನಡೆಯುವಂತಿದ್ದರೆ ಒಂದು ಬ್ಯಾಟರಿ ಮನೆಯ ಹಲವು ಕೆಲಸಗಳಿಗೆ ಬರುತ್ತದೆ.

ವಿದೇಶದಿಂದ ತರಿಸುವವರಿಗೆ

‘ಮುಂದಿನ ಸಲ ಬರುವಾಗ ನಾನೇ ತರುತ್ತೇನೆ’ ಎಂದು ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ಹೇಳುವುದುಂಟು. ಅದಕ್ಕೆ ಮೊದಲು ಎರಡು ಮಾತುಗಳನ್ನು ತಿಳಿಸಿಬಿಡಬೇಕು. ಅಲ್ಲಿಯ ವಿದ್ಯುತ್ತು 120 ವೋಲ್ಟಿನದು, ನಮ್ಮದು 230 ವೋಲ್ಟಿನದು. ಅಲ್ಲಿಯ ಒತ್ತಡಕ್ಕೆ ಮಾತ್ರ ಮಾಡಿದ ಚಾರ್ಜರನ್ನು ನಮ್ಮ ಪ್ಲಗ್ಗಿಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ; ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದಿದ್ದರೆ ಮಾತ್ರ ನಡೆಯುತ್ತದೆ. ಎರಡನೆಯದಾಗಿ, ವಿಮಾನದಲ್ಲಿ ಬಿಡಿ ಲಿಥಿಯಮ್ ಬ್ಯಾಟರಿಗಳನ್ನು ಸರಕಿನ ಪೆಟ್ಟಿಗೆಯಲ್ಲಿ ಇಡುವಂತಿಲ್ಲ, ಕೈಚೀಲದಲ್ಲಿಯೇ ಒಯ್ಯಬೇಕು. 100 ವ್ಯಾಟ್-ಅವರ್ ಮೀರಿದವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 160 ಮೀರಿದವನ್ನು ಪ್ರಯಾಣಿಕರು ತರುವಂತೆಯೇ ಇಲ್ಲ. ಸಾವಿರಾರು ಮೈಲಿ ಹೊತ್ತು ತಂದ ವಸ್ತು ಮೂಲೆಗೆ ಬೀಳುವುದಕ್ಕಿಂತ ಇಲ್ಲಿಯೇ ನೋಡಿ ಕೊಳ್ಳುವುದು ಲೇಸು.

ಕತ್ತರಿಸುವ ಕ್ರಮ

ನಮ್ಮ ಕಡೆಯ ಹುಲ್ಲುಹಾಸುಗಳಲ್ಲಿ ಹೆಚ್ಚಾಗಿ ಕಾಣುವುದು ಗರಿಕೆ. ಉತ್ತರ ಕರ್ನಾಟಕದವರು ಇದನ್ನು ಕರಿಕೆ ಎನ್ನುತ್ತಾರೆ. ಬಿಸಿಲನ್ನು ತಾಳಿ, ಒಣಗಿದರೂ ಒಂದು ಮಳೆಗೆ ಚಿಗುರುವ ಹುಲ್ಲು ಇದು. ಇದಲ್ಲದೆ ಮೆಕ್ಸಿಕನ್ ಹುಲ್ಲೆಂದು ನರ್ಸರಿಯವರು ಮಾರುವ ಸಣ್ಣ ಎಸಳಿನ ಹುಲ್ಲೂ, ಅಗಲ ಎಲೆಯ ಹುಲ್ಲೂ ಬಳಕೆಯಲ್ಲಿವೆ. ಯಾವುದೇ ಇರಲಿ, ಪಾಲಿಸಬೇಕಾದ ಮುಖ್ಯ ನಿಯಮ ಒಂದು: ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಆರು ಸೆಂಟಿಮೀಟರು ಬೆಳೆದಿದ್ದರೆ ನಾಲ್ಕಕ್ಕೆ ಇಳಿಸಬಹುದು. ಹುಲ್ಲು ತನ್ನ ಆಹಾರವನ್ನು ಎಲೆಯಲ್ಲಿಯೇ ತಯಾರಿಸಿಕೊಳ್ಳಬೇಕಾದುದರಿಂದ, ಬುಡಕ್ಕೆ ಕತ್ತರಿಸಿದರೆ ಬೇರು ಸೊರಗುತ್ತದೆ; ಬರಿದಾದ ನೆಲಕ್ಕೆ ಬಿಸಿಲು ಬಿದ್ದು ತುಂಗೆಯಂಥ ಕಳೆ ನುಗ್ಗುತ್ತದೆ. ಊರಿಗೆ ಹೋಗಿ ಬರುವಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬೆಳೆದಿದ್ದರೆ, ಮೊದಲು ಕುಡುಗೋಲಿನಿಂದ ಮೇಲ್ಭಾಗವನ್ನು ಕೊಯ್ದು, ನಾಲ್ಕು ದಿನ ಬಿಟ್ಟು ಯಂತ್ರವನ್ನು ಎತ್ತರದ ಮಟ್ಟದಲ್ಲಿಟ್ಟು ನಡೆಸಿ, ಮತ್ತೆ ನಾಲ್ಕು ದಿನಕ್ಕೆ ಒಂದು ಮಟ್ಟ ಇಳಿಸಬೇಕು.

ಮಳೆಗಾಲದಲ್ಲಿ ವಾರಕ್ಕೆ ಅಥವಾ ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು. ಬೇಸಗೆಯಲ್ಲಿ ಹುಲ್ಲನ್ನು ಎತ್ತರವಾಗಿಯೇ ಬಿಡಬೇಕು. ಅದರ ನೆರಳು ನೆಲದ ತೇವವನ್ನು ಕಾಯುತ್ತದೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದೆಂದು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದು ನೆನಪಿರಲಿ. ನೀರಿಗೆ ತತ್ವಾರವಿರುವ ಊರುಗಳಲ್ಲಿ ಹುಲ್ಲುಹಾಸನ್ನು ಚಿಕ್ಕದಾಗಿಟ್ಟು, ಉಳಿದೆಡೆ ಬಿಲ್ವ, ಬೇವು, ನೆಲ್ಲಿಗಳನ್ನು ಬೆಳೆಸುವುದು ವಿವೇಕ.

ಇಬ್ಬನಿ ಆರಿದ ಮೇಲೆ, ಬಿಸಿಲು ತಾರಕ್ಕೇರುವ ಮೊದಲು, ಅಥವಾ ಸಂಜೆ ನಾಲ್ಕರ ಮೇಲೆ ಕತ್ತರಿಸುವುದು ಹಿತ. ಒದ್ದೆ ಹುಲ್ಲು ಯಂತ್ರದ ಒಳಮೈಗೆ ಮೆತ್ತಿಕೊಂಡು ಮೋಟಾರಿಗೆ ಭಾರವಾಗುತ್ತದೆ, ಕಾಲೂ ಜಾರುತ್ತದೆ. ಪ್ರತಿ ಸುತ್ತು ಹಿಂದಿನ ಸುತ್ತನ್ನು ನಾಲ್ಕು ಬೆರಳಿನಷ್ಟು ಒಳಗೊಳ್ಳಬೇಕು. ಈ ವಾರ ಪೂರ್ವ ಪಶ್ಚಿಮವಾಗಿ ನಡೆದರೆ ಮುಂದಿನ ವಾರ ಉತ್ತರ ದಕ್ಷಿಣವಾಗಿ ನಡೆಯಬೇಕು. ಆಗ ಹುಲ್ಲು ಒಂದೇ ಕಡೆ ಬಾಗದೆ ನೆಟ್ಟಗೆ ನಿಲ್ಲುತ್ತದೆ. ಇಳಿಜಾರಿನಲ್ಲಿ ಮೇಲೆ ಕೆಳಗೆ ತಳ್ಳದೆ ಅಡ್ಡಲಾಗಿ ನಡೆಯಬೇಕು.

ಕತ್ತರಿಸಿದ ಹುಲ್ಲನ್ನು ತೆಳುವಾಗಿದ್ದರೆ ಅಲ್ಲಿಯೇ ಬಿಡಬಹುದು. ಅದು ಕೊಳೆತು ನೆಲಕ್ಕೆ ಸಾರಜನಕವನ್ನು ಮರಳಿಸುತ್ತದೆ. ಹೆಚ್ಚಾದುದನ್ನು ಒಣ ಎಲೆಗಳೊಡನೆ ಬೆರೆಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಪುಣ್ಯವೆಂದು ತಿಳಿದು ಅದನ್ನು ಬೀದಿಯ ದನಗಳ ಮುಂದೆ ರಾಶಿ ಹಾಕುವುದು ಬೇಡ. ಕುಡುಗೋಲಿನ ಹುಲ್ಲಿನಂತೆ ಇದು ಶುದ್ಧವಾಗಿರುವುದಿಲ್ಲ. ನುಚ್ಚಾದ ಹುಲ್ಲಿನ ರಾಶಿ ಬೇಗ ಬಿಸಿಯೇರಿ ಬೂಸಲು ಹಿಡಿಯುತ್ತದೆ, ಪ್ಲಾಸ್ಟಿಕ್ಕಿನ ಚೂರುಗಳೂ ಅದರಲ್ಲಿ ಸೇರಿರಬಹುದು.

ಎಚ್ಚರದ ಮಾತು

ಯಂತ್ರ ಹಗುರವೆಂದ ಮಾತ್ರಕ್ಕೆ ಅಲಗು ಮೃದುವಲ್ಲ. ಮೊದಲು ಅಂಗಳದಲ್ಲಿ ಒಮ್ಮೆ ನಡೆದು ಕಲ್ಲು, ತಂತಿ, ಮಕ್ಕಳ ಆಟಿಕೆಗಳನ್ನು ತೆಗೆಯಬೇಕು. ಅಲಗಿಗೆ ಸಿಕ್ಕಿದ ಹರಳು ಗುಂಡಿನಂತೆ ಸಿಡಿಯುತ್ತದೆ. ಅದೇ ನಡಿಗೆಯಲ್ಲಿ ಕಪ್ಪೆ, ಓತಿಕೇತ, ಹಕ್ಕಿಯ ಮರಿಗಳು ಇದ್ದರೆ ಅವು ಸರಿದು ಹೋಗಲು ಅವಕಾಶವಾಗುತ್ತದೆ. ಸಕಲ ಪ್ರಾಣಿಗಳಲ್ಲಿ ದಯೆಯನ್ನು ಬೋಧಿಸಿದ ಬಸವಣ್ಣನವರ ಅನುಯಾಯಿಗಳಿಗೆ ಐದು ನಿಮಿಷದ ಈ ನಡಿಗೆ ಹೊರೆಯಾಗಬಾರದು.

ಪಂಚೆಯುಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಯಂತ್ರವನ್ನು ಮುಟ್ಟಬಾರದು; ಕಾಲ್ಬೆರಳು ಮುಚ್ಚುವ ಬೂಟು ಇರಬೇಕು. ತಾಯಂದಿರು ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು. ಕೊರಳಲ್ಲಿ ಕರಡಿಗೆಯುಳ್ಳವರು ಶಿವದಾರವನ್ನು ಅಂಗಿಯ ಒಳಗೆ ಸೇರಿಸಿಕೊಂಡೇ ಬಗ್ಗಬೇಕು. ಮಕ್ಕಳು ಅಂಗಳದಲ್ಲಿರುವಾಗ ಯಂತ್ರವನ್ನು ನಡೆಸಲೇಬಾರದು.

ಹಿಡಿಯಲ್ಲಿರುವ ಸನ್ನೆಯನ್ನು ಬಿಟ್ಟೊಡನೆ ಮೋಟಾರು ನಿಲ್ಲುವಂತೆ ರಚಿಸಿರುತ್ತಾರೆ. ಕೈ ನೋಯುತ್ತದೆಂದು ಆ ಸನ್ನೆಯನ್ನು ದಾರದಿಂದ ಕಟ್ಟಿಬಿಡುವವರುಂಟು. ಇದು ಅಪಘಾತಕ್ಕೆ ಆಮಂತ್ರಣ. ಮೋಟಾರು ನಿಂತ ಮೇಲೂ ಅಲಗು ಕೆಲವು ಕ್ಷಣ ತಿರುಗುತ್ತಿರುತ್ತದೆ. ಯಂತ್ರವನ್ನು ಮಗುಚುವ ಮೊದಲು, ಸಿಕ್ಕಿದ ಹುಲ್ಲನ್ನು ತೆಗೆಯುವ ಮೊದಲು, ಅಲಗನ್ನು ಮುಟ್ಟುವ ಮೊದಲು ಬ್ಯಾಟರಿಯನ್ನು ಹೊರತೆಗೆಯಬೇಕು. ಈ ಒಂದು ನಿಯಮಕ್ಕೆ ಯಾವ ವಿನಾಯಿತಿಯೂ ಇಲ್ಲ.

ಕತ್ತರಿಸಿದ ಎರಡು ದಿನಕ್ಕೆ ಹುಲ್ಲಿನ ತುದಿಗಳು ಸೀಳಿ ಬಿಳಿಚಿಕೊಂಡಿದ್ದರೆ ಅಲಗು ಮೊಂಡಾಗಿದೆಯೆಂದು ತಿಳಿಯಬೇಕು. ವರ್ಷಕ್ಕೆ ಒಂದೆರಡು ಸಲ ಅದನ್ನು ಬಿಚ್ಚಿ ಅರದಿಂದ ಸಾಣೆ ಹಿಡಿಯಬೇಕು. ಬಳಿಕ ನಡುವಿನ ರಂಧ್ರವನ್ನು ಮೊಳೆಗೆ ತೂಗುಹಾಕಿ, ಎರಡೂ ಕಡೆ ಸಮನಾಗಿ ನಿಲ್ಲುವುದೆ ಎಂದು ನೋಡಬೇಕು. ಒಂದು ಕಡೆ ಭಾರವಾದರೆ ಯಂತ್ರವು ನಡುಗಿ ಮೋಟಾರು ಕೆಡುತ್ತದೆ. ಕೆಲಸ ಮುಗಿದ ಮೇಲೆ ಒಳಮೈಯನ್ನು ಕುಂಚದಿಂದ ಒರೆಸಬೇಕೇ ಹೊರತು ಪೈಪಿನಿಂದ ನೀರು ಬಿಡಬಾರದು.

ಬ್ಯಾಟರಿಗೆ ಶತ್ರು ಬಿಸಿ. ಬಳಸಿದೊಡನೆ ಬಿಸಿಯಾಗಿರುವಾಗ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡಬೇಕು. 45 ಡಿಗ್ರಿ ಸೆಲ್ಸಿಯಸ್ಸಿಗೆ ಮೀರಿದ ಬಿಸಿಯಲ್ಲಿ ಲಿಥಿಯಮ್ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಕಲಬುರಗಿ, ರಾಯಚೂರಿನ ಕಡೆಯವರು ಬೇಸಗೆಯಲ್ಲಿ ಬೆಳಗಿನ ತಂಪಿನಲ್ಲಿ, ಮನೆಯೊಳಗೆ ಚಾರ್ಜ್ ಮಾಡುವುದು ಕ್ಷೇಮ. ತಿಂಗಳುಗಟ್ಟಲೆ ಬಳಸದಿರುವಾಗ ಪೂರ್ತಿ ಬರಿದು ಮಾಡಿಯಾಗಲಿ ಪೂರ್ತಿ ತುಂಬಿಯಾಗಲಿ ಇಡದೆ, ಅರ್ಧದಷ್ಟು ತುಂಬಿ ತಂಪಾದ ಕಪಾಟಿನಲ್ಲಿಡಬೇಕು. ಉಬ್ಬಿದ ಅಥವಾ ಬಿರುಕು ಬಿಟ್ಟ ಬ್ಯಾಟರಿಯನ್ನು ಮತ್ತೆ ಬಳಸಬಾರದು, ಕಸದ ಬುಟ್ಟಿಗೂ ಎಸೆಯಬಾರದು. ಭಾರತ ಸರ್ಕಾರವು 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯದ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರದು. ಕೊಂಡ ಅಂಗಡಿಗೇ ಮರಳಿಸಿ ರಸೀದಿ ಪಡೆಯಿರಿ.

ಕುಡುಗೋಲು ಹಿಡಿದು ಬರುವವನ ಮಾತು

ಇನ್ನೊಂದು ಪ್ರಶ್ನೆಯನ್ನು ಕೇಳದೆ ಈ ಲೇಖನವನ್ನು ಮುಗಿಸಲಾರೆವು. ತಿಂಗಳಿಗೊಮ್ಮೆ ಕುಡುಗೋಲು ಹಿಡಿದು ಗೇಟಿನ ಬಳಿ ಬಂದು ‘ಹುಲ್ಲು ಕೊಯ್ಯಲೇನ್ರೀ ಅಪ್ಪಾರೆ’ ಎಂದು ಕೇಳುವವನ ಗತಿಯೇನು? ನಾವು ಯಂತ್ರ ಕೊಂಡ ದಿನ ಅವನ ಒಂದು ದಿನದ ಕೂಲಿ ತಪ್ಪುತ್ತದೆ. ಬೀದಿಯ ಹತ್ತು ಮನೆಗಳವರು ಕೊಂಡರೆ ಹತ್ತು ದಿನದ ಕೂಲಿ. ಕಾಯಕವನ್ನೂ ದಾಸೋಹವನ್ನೂ ಜೊತೆಜೊತೆಯಾಗಿ ಹೇಳಿದ ಧರ್ಮದವರು ನಾವು. ನಮ್ಮ ಸೊಂಟದ ನೋವನ್ನು ಕಳೆದುಕೊಳ್ಳುವುದಕ್ಕಾಗಿ ಅವನ ಮನೆಯ ಒಲೆಯನ್ನು ಆರಿಸುವುದು ನ್ಯಾಯವಾಗದು.

ಯಾರೂ ಬಾರದ ಊರಿನಲ್ಲಿ, ಅಥವಾ ತಾವೇ ಮಾಡಿಕೊಳ್ಳುವ ಹಂಬಲವಿರುವಲ್ಲಿ ಯಂತ್ರವನ್ನು ಕೊಳ್ಳಿ. ಬರುವವನೊಬ್ಬನು ಇದ್ದರೆ ಯಂತ್ರವನ್ನು ಅವನ ಕೈಗೇ ಕೊಟ್ಟು, ನಡೆಸುವುದನ್ನು ಕಲಿಸಿ, ಕೂಲಿಯಲ್ಲಿ ಒಂದು ಕಾಸನ್ನೂ ಕಡಿಮೆ ಮಾಡದಿರಿ. ಬೀದಿಯ ನಾಲ್ಕು ಮನೆಗಳು ಸೇರಿ ಒಂದೇ ಯಂತ್ರವನ್ನೂ ಎರಡು ಬ್ಯಾಟರಿಗಳನ್ನೂ ಕೊಂಡರೆ, ವಾರಕ್ಕೆ ಒಂದೆರಡು ಗಂಟೆ ನಡೆಯುವ ವಸ್ತುವಿಗೆ ನಾಲ್ಕು ಮನೆಗಳ ದುಡ್ಡು ಮಡುಗಟ್ಟುವುದಿಲ್ಲ. ಆ ನಾಲ್ಕೂ ಮನೆಗಳ ಕೆಲಸವನ್ನು ಅವನೊಬ್ಬನಿಗೇ ಒಪ್ಪಿಸಿದರೆ, ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ದಿನವಿಡೀ ಕೂರುತ್ತಿದ್ದವನು ನೆಟ್ಟಗೆ ನಿಂತು ಮಧ್ಯಾಹ್ನದೊಳಗೆ ಕೆಲಸ ಮುಗಿಸಿಯಾನು. ಅಂಚುಗಳಲ್ಲಿ, ಗಿಡದ ಬುಡದಲ್ಲಿ ಯಂತ್ರ ತಲುಪದ ಕಡೆ ಅವನ ಕುಡುಗೋಲಿನ ಕೆಲಸ ಹೇಗೂ ಇದ್ದೇ ಇದೆ.

ಅಂಗಳದ ಅಳತೆಯನ್ನು ಟೇಪಿನಿಂದ ಅಳೆಯಬಹುದು, ಬ್ಯಾಟರಿಯ ಬಲವನ್ನು ಗುಣಾಕಾರದಿಂದ ತಿಳಿಯಬಹುದು. ಕೊಳ್ಳುವುದಕ್ಕೆ ಮುಂಚಿನ ದಿನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಇದನ್ನು ತಳ್ಳುವವರು ಯಾರು, ಇದರಿಂದ ಯಾರ ಕೆಲಸ ಹಗುರವಾಗುತ್ತದೆ, ಯಾರ ಕೆಲಸ ತಪ್ಪುತ್ತದೆ ಎಂಬುದನ್ನೂ ಮಾತಾಡಿಕೊಳ್ಳಲಿ. ಆ ಮಾತುಕತೆಗೆ ಸಂಜೆಯ ಪೂಜೆ ಪ್ರಸಾದಗಳು ಮುಗಿದ ಮೇಲಿನ ಹೊತ್ತು ಪ್ರಶಸ್ತವಾದುದು.